ಬ್ಯಾಗ್ ಹೊತ್ತವರು ಎತ್ತಿದ ಕಪ್

ಗಾಲ್ಫ್ ಅಂದರೆ ಸಾಹುಕಾರರ ಆಟ ಅಂತ ನಾವು ಆ ಸುದ್ದಿಯನ್ನೇ ಓದುವುದಿಲ್ಲ. ಆದರೆ ಇಂಡಿಯನ್ ಓಪನ್ ಗೆದ್ದವರ ಪಟ್ಟಿ ನೋಡಿ. 1964ರ ಮೊದಲ ಕಪ್ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್‌ಗೆ. ಮರುವರ್ಷ ಹವ್ಯಾಸಿ ಆಟಗಾರ ಪಿ.ಜಿ. ಸೇಥಿ ಗೆದ್ದರು. ಮತ್ತೊಬ್ಬ ಭಾರತೀಯ ಗೆಲ್ಲಲು 26 ವರ್ಷ ಬೇಕಾಯಿತು. 1991ರಲ್ಲಿ ಗೆದ್ದ ಅಲಿ ಶೇರ್, ಆಟಗಾರರ ಬ್ಯಾಗ್ ಹೊತ್ತು ಹಿಂದೆ ನಡೆಯುತ್ತಿದ್ದ ಕ್ಯಾಡಿ. 2009ರಲ್ಲಿ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದವರೇ. 2016, 2017 ಎರಡೂ ವರ್ಷ ಗೆದ್ದ ಎಸ್‌ಎಸ್‌ಪಿ ಚೌರಾಸಿಯಾ ಅವರ ತಂದೆ ಕೋಲ್ಕತ್ತದಲ್ಲಿ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದರು.

ದುಡಿಮೆಯೇ ಇವರಿಗೆ ಆ ಗೇಟು ತೆರೆಸಿತು. ನಮ್ಮ ಮಕ್ಕಳು ಕೂಲಿಗಲ್ಲ, ಆಡುವುದಕ್ಕೇ ಆ ಗೇಟು ದಾಟುವುದು ಯಾವಾಗ?