ಹಾಜರಿ ಪುಸ್ತಕದ ಕೆಂಪು ಗೀಟು

ಹೊಸಪೇಟೆಯಿಂದ ಹಂಪೆಗೆ ಹೋಗುವ ಹಾದಿಯಲ್ಲಿ ಮಲಪನಗುಡಿ ಸಿಕ್ಕುತ್ತದೆ. ಸುತ್ತಲೂ ತುಂಗಭದ್ರೆಯ ಕಾಲುವೆಯ ನೀರುಂಡ ಕಬ್ಬು, ಬಾಳೆ. ಕಬ್ಬಿನ ಕಟಾವು ಬಂದಾಗ ತಾಯಿ ಗದ್ದೆಗೆ ನಡೆದರೆ, ಕೂಸನ್ನು ಆಡಿಸಲು ಹಿರಿಯ ಮಗಳು ಮನೆಯಲ್ಲುಳಿಯುತ್ತಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ.

ಹಿಂದಿನ ಕಾಲದ ಮೇಷ್ಟರಿಗೆ ಇದರ ಮದ್ದು ಗೊತ್ತಿತ್ತು: ಮೊದಲು ಬೆತ್ತ, ಬಳಿಕ ಕೆಂಪು ಮಸಿ. ಹೆಸರಿಗೊಂದು ಗೀಟು ಹೊಡೆದರೆ ಲೆಕ್ಕ ಚೊಕ್ಕಟ! ಶಾಲೆಗೆ ಬರಲಾರದವಳಿಗೆ ‘ಇನ್ನು ಬರಲೇಬೇಡ’ ಎಂಬ ಶಿಕ್ಷೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಈ ಎರಡನ್ನೂ ಕಸಿದುಕೊಂಡಿತು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತೆಯೂ ಇಲ್ಲ. 2019ರ ತಿದ್ದುಪಡಿಯು ಪರೀಕ್ಷೆಯಲ್ಲಿ ಸೋತವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಅವಕಾಶವಿತ್ತಿತೇ ಹೊರತು, ಹೊರದೂಡಲು ಅಲ್ಲ.

ಬೆತ್ತವೂ ಮಸಿಯೂ ಕೈಬಿಟ್ಟ ಮೇಲೆ ಮೇಷ್ಟರು ಸಂಜೆ ಹುಡುಗಿಯ ಮನೆಯತ್ತ ಕಾಲು ಹಾಕಬೇಕಾಯಿತು.

“ಯಾಕವ್ವಾ, ಮಗಳನ್ನ ಸಾಲಿಗೆ ಕಳಿಸ್ಲಿಲ್ಲ?”

“ನಾನು ಕೂಲಿಗೆ ಹೋದ್ರೆ ಕೂಸನ್ನ ಯಾರು ನೋಡ್ತಾರ್ರೀ, ಸಾರ್?”

ಮೇಷ್ಟರಲ್ಲಿ ಉತ್ತರವಿಲ್ಲ. ಆದರೆ ಗೀಟು ಹೊಡೆಯುವ ಕಾಲದಲ್ಲಿ ಈ ಪ್ರಶ್ನೆ ಶಾಲೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ, ಇಂದು ಬಿದ್ದಿದೆ. ಹೆಸರು ಪುಸ್ತಕದಲ್ಲಿ ಉಳಿದುದರ ಮೊದಲ ಲಾಭ ಅದೇ.