ಮಾರಿಕಣಿವೆಯ ಚಳಿಜ್ವರ ಕಲಿಸಿದ ಪಾಠ

ಮಾರಿಕಣಿವೆಗೆ ಶಾಲಾ ಪ್ರವಾಸ ಹೋದ ಮಕ್ಕಳು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೆನಪಿಟ್ಟುಕೊಂಡು ಮನೆಗೆ ಬರುತ್ತಾರೆ. ಎರಡು ಗುಡ್ಡಗಳ ನಡುವೆ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಕಲ್ಲಿನ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು ಎಂಬುದು ಒಂದು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು ಎಂಬುದು ಇನ್ನೊಂದು. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು ಎಂಬುದು ಮೂರನೆಯದು.

ನಾಲ್ಕನೆಯ ಸಂಗತಿಯೊಂದಿದೆ. ಅದನ್ನು ಹೇಳುವವರು ಕಡಿಮೆ. ಅದು ಜ್ವರದ ಕಥೆ.

ಕಟ್ಟೆಯ ಬಳಿ ಕಣಿವೆ ಮಾರಮ್ಮನ ಗುಡಿ ಇದೆ. ರೋಗರುಜಿನಗಳಿಂದ ಕಾಪಾಡು ಎಂದು ನಮ್ಮ ಹಿರಿಯರು ಮೊರೆಯಿಡುತ್ತಿದ್ದುದು ಮಾರಮ್ಮನಿಗೇ. ಅಣೆಕಟ್ಟೆ ಬರುವುದಕ್ಕೆ ಮುಂಚೆಯೇ ಹಿರಿಯೂರಿನ ಹವೆ ಒಳ್ಳೆಯದಲ್ಲ ಎಂಬ ಮಾತಿತ್ತು. ಕಟ್ಟೆ ಬಂದ ಮೇಲೆ ನಾಲೆಗಳಲ್ಲಿ ನೀರು ಹರಿಯಿತು, ಬರದ ಸೀಮೆಯಲ್ಲಿ ಬೆಳೆ ನಿಂತಿತು. ಆದರೆ ನಾಲೆಯಿಂದ ಜಿನುಗಿದ ನೀರು ತಗ್ಗುಗಳಲ್ಲಿ ನಿಂತಿತು. ಅಲ್ಲಿ ಸೊಳ್ಳೆ ಬೆಳೆಯಿತು. ಸೊಳ್ಳೆಯೊಂದಿಗೆ ಚಳಿಜ್ವರವೂ ಮನೆಮನೆ ಸೇರಿತು. ಮಲೇರಿಯ ಹರಡುವುದು ಸೊಳ್ಳೆಯಿಂದ ಎಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟಿನಲ್ಲಿ. ಅಂದರೆ ಮಾರಿಕಣಿವೆಯ ಕೆಲಸ ಶುರುವಾಗುವ ಹಿಂದಿನ ವರ್ಷವಷ್ಟೇ! ಕಟ್ಟೆ ಕಟ್ಟಿದವರಿಗೆ ಕಲ್ಲು, ಗಾರೆ, ನೀರಿನ ಒತ್ತಡದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯ ಲೆಕ್ಕ ಇನ್ನೂ ಯಾವ ಎಂಜಿನಿಯರಿನ ಪುಸ್ತಕಕ್ಕೂ ಬಂದಿರಲಿಲ್ಲ.

ಈ ಲೆಕ್ಕ ಹಾಕಲು ಹಿರಿಯೂರಿಗೆ ಜನ ಬಂದದ್ದು 1920ರ ದಶಕದ ಕೊನೆಗೆ. ಅಮೆರಿಕದಲ್ಲಿ 1913ರಲ್ಲಿ ಸ್ಥಾಪನೆಯಾದ ರಾಕ್‌ಫೆಲ್ಲರ್ ಪ್ರತಿಷ್ಠಾನ ಹಲವು ದೇಶಗಳಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ನೆರವು ನೀಡುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಅದರ ಕೆಲಸದ ಹೊಣೆ ಹೊತ್ತು, ಸರ್ಕಾರಕ್ಕೆ ಆರೋಗ್ಯ ಸಲಹೆಗಾರರಾಗಿ ಬಂದವರು ಡಾ. ಡಬ್ಲ್ಯು. ಸಿ. ಸ್ವೀಟ್ ಎಂಬ ವೈದ್ಯರು. ಸಂಸ್ಥಾನದಲ್ಲಿ ಮಲೇರಿಯದ ಅಧ್ಯಯನಕ್ಕಾಗಿ ಪ್ರಾಯೋಗಿಕ ಕೇಂದ್ರಗಳು ತೆರೆದವು. ಮಲೆನಾಡಿಗೆ ಮೂಡಿಗೆರೆ, ಮೈಸೂರು ಕಡೆಯ ನೀರಾವರಿ ಸೀಮೆಗೆ ನಾಗೇನಹಳ್ಳಿ, ಬಯಲುಸೀಮೆಗೆ ಹಿರಿಯೂರು. ಮುಂದೆ ಇರ್ವಿನ್ ನಾಲೆಯ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯದಲ್ಲೂ ಇದೇ ಕೆಲಸ ನಡೆಯಿತು.

ಒಂದು ಸಂಸ್ಥಾನಕ್ಕೆ ಒಂದೇ ಕೇಂದ್ರ ಸಾಲದೆ? ಸಾಲದು. ಮಲೇರಿಯ ಹರಡುವುದು ಅನಾಫಿಲಿಸ್ ಸೊಳ್ಳೆಯೇ ಆದರೂ ಅದರಲ್ಲಿ ಹತ್ತಾರು ಜಾತಿಗಳಿವೆ. ಮಲೆನಾಡಿನ ಹರಿಯುವ ತೊರೆಗಳಲ್ಲಿ ಬೆಳೆಯುವ ಫ್ಲೂವಿಯಾಟಿಲಿಸ್ ಒಂದು ಬಗೆಯದಾದರೆ, ಬಯಲುಸೀಮೆಯ ನಾಲೆ, ಹೊಂಡ, ಗದ್ದೆಗಳಲ್ಲಿ ಬೆಳೆಯುವ ಕ್ಯುಲಿಸಿಫೇಸೀಸ್ ಇನ್ನೊಂದು ಬಗೆಯದು. ಯಾವ ಊರಿನಲ್ಲಿ ಯಾವ ಸೊಳ್ಳೆ ಅಪರಾಧಿ ಎಂಬುದು ತಿಳಿಯದೆ ಎಲ್ಲ ನೀರಿಗೂ ಮದ್ದು ಹಾಕಿದರೆ ಹಣ ಹಾಳು, ಜ್ವರ ಹಾಗೇ ಉಳಿಯುತ್ತದೆ.

ಅಂದಿನ ಮಲೇರಿಯ ಕೇಂದ್ರಗಳ ಕೆಲಸ ಹೇಗಿರುತ್ತಿತ್ತು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಬೆಳಿಗ್ಗೆ ಮನೆ, ಕೊಟ್ಟಿಗೆಗಳಿಗೆ ಹೋಗಿ ಗೋಡೆಗೆ ಕೂತ ಸೊಳ್ಳೆಗಳನ್ನು ಹಿಡಿಯುವುದು. ಅವುಗಳ ಹೊಟ್ಟೆಯನ್ನೂ ಜೊಲ್ಲುಗ್ರಂಥಿಯನ್ನೂ ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ರೋಗಾಣು ಹುಡುಕುವುದು. ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಕೈಯಿಟ್ಟು ಗುಲ್ಮ ಊದಿದೆಯೇ ಎಂದು ನೋಡುವುದು. ನಮ್ಮ ಜನ ಜ್ವರಗಡ್ಡೆ ಎನ್ನುತ್ತಿದ್ದುದು ಇದನ್ನೇ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಜ್ವರಗಡ್ಡೆ ಇದೆ ಎಂಬ ಎಣಿಕೆಯೇ ಆ ಊರಿನ ಮಲೇರಿಯದ ಅಳತೆ. ಉಪಕರಣ ಬೇಕಿಲ್ಲ. ಪಳಗಿದ ಕೈ ಮತ್ತು ಪ್ರಾಮಾಣಿಕ ಲೆಕ್ಕ ಇದ್ದರೆ ಸಾಕು.

ಮದ್ದಿನ ವಿಷಯವೂ ಸ್ವಾರಸ್ಯದ್ದೇ. ಡಿ.ಡಿ.ಟಿ. ಬರುವ ಮೊದಲು ‘ಪ್ಯಾರಿಸ್ ಗ್ರೀನ್’ ಎಂಬ ಹಸಿರು ಪುಡಿ ಬಳಕೆಯಲ್ಲಿತ್ತು. ಅದು ತಾಮ್ರ ಮತ್ತು ಆರ್ಸೆನಿಕ್ ಸೇರಿದ ವಿಷ. ಅದನ್ನು ಬೂದಿ ಅಥವಾ ರಸ್ತೆಯ ಧೂಳಿನೊಂದಿಗೆ ಬೆರೆಸಿ ನೀರಿನ ಮೇಲೆ ತೂರುತ್ತಿದ್ದರು. ಕ್ಯೂಲೆಕ್ಸ್ ಸೊಳ್ಳೆಯ ಮರಿ ನೀರಿನಲ್ಲಿ ತಲೆಕೆಳಗಾಗಿ ತೂಗುತ್ತದೆ. ಅನಾಫಿಲಿಸ್ ಮರಿಯಾದರೋ ನೀರಿನ ಮೇಲ್ಮೈಗೆ ಸಮನಾಗಿ ಮಲಗಿ, ಮೇಲೆ ತೇಲುವುದನ್ನು ತಿನ್ನುತ್ತದೆ. ಪುಡಿ ತೇಲುತ್ತದೆ, ಮರಿ ತಿನ್ನುತ್ತದೆ, ಸಾಯುತ್ತದೆ! ಪಠ್ಯಪುಸ್ತಕದಲ್ಲಿ ಚಿತ್ರ ಬಿಡಿಸಿ ಎರಡು ಅಂಕ ಗಳಿಸುವ ಈ ವ್ಯತ್ಯಾಸದ ಮೇಲೆಯೇ ಒಂದು ಕಾಲದ ಮಲೇರಿಯ ನಿಯಂತ್ರಣ ನಿಂತಿತ್ತು.

ಆದರೆ ಇದರಲ್ಲೊಂದು ತೊಡಕಿತ್ತು. ಸೊಳ್ಳೆ ಮತ್ತೆ ಮೊಟ್ಟೆಯಿಡುತ್ತದೆ. ಆದ್ದರಿಂದ ಪುಡಿಯನ್ನು ವಾರವಾರವೂ ತೂರಬೇಕು. ಈ ವರ್ಷ ತೂರಿ, ಮುಂದಿನ ವರ್ಷ ನಿಲ್ಲಿಸಿದರೆ ಜ್ವರ ಹಿಂತಿರುಗುತ್ತದೆ. ಹಾಗಾದರೆ ಹೊರಗಿನಿಂದ ಬಂದ ಸಂಸ್ಥೆ ಹೊರಟುಹೋದ ಮೇಲೆ ಪುಡಿ ತೂರುವವರು ಯಾರು?

ಹೊರಗಿನ ಸಂಸ್ಥೆಯೊಂದರ ಆರೋಗ್ಯ ಕಾರ್ಯಕ್ರಮವನ್ನು ಒಂದು ದೇಶದಲ್ಲಿ ನಡೆಸುವ ಮುಖ್ಯಸ್ಥನ ಮುಂದೆ ಅಂದೂ ಇಂದೂ ಇರುವ ಪ್ರಶ್ನೆ ಇದೇ. ಅವನ ಬಳಿ ಹಣವಿದೆ, ವಾಹನವಿದೆ, ಔಷಧವಿದೆ. ಮೂರು ವರ್ಷದಲ್ಲಿ ಜ್ವರ ಇಳಿಸಿ, ಸುಂದರವಾದ ವರದಿ ಬರೆದು, ಹಾರ ಹಾಕಿಸಿಕೊಂಡು ಹೊರಡುವುದು ಕಷ್ಟವಲ್ಲ. ಆದರೆ ಅವನು ಹೊರಟ ಮರುವರ್ಷ ಅದೇ ಊರಿನ ಮಗು ಅದೇ ಚಳಿಯಲ್ಲಿ ನಡುಗಿದರೆ ಆ ವರದಿಗೆ ಏನು ಬೆಲೆ?

ರಾಕ್‌ಫೆಲ್ಲರ್ ಪ್ರತಿಷ್ಠಾನ ಇದಕ್ಕೊಂದು ನಿಯಮ ಇಟ್ಟುಕೊಂಡಿತ್ತು. ಕೆಲಸವನ್ನು ಸರ್ಕಾರವೇ ಮಾಡಬೇಕು, ಪ್ರತಿಷ್ಠಾನ ಜೊತೆಗಿದ್ದು ತೋರಿಸಿಕೊಡಬೇಕು. ಖರ್ಚಿನಲ್ಲಿ ತನ್ನ ಪಾಲನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ, ಕೊನೆಗೆ ಪೂರ್ತಿ ಹೊಣೆಯನ್ನು ಸರ್ಕಾರಕ್ಕೆ ಬಿಡಬೇಕು. ಸ್ವೀಟ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ವೈದ್ಯರು ಅವರ ಜೊತೆಗೆ ಕೆಲಸ ಮಾಡಿದರು. ಆ ವರ್ಷಗಳ ವೈಜ್ಞಾನಿಕ ಲೇಖನಗಳಲ್ಲಿ ಸ್ವೀಟ್ ಅವರ ಹೆಸರಿನ ಪಕ್ಕದಲ್ಲೇ ಬಿ. ಎ. ರಾವ್ ಎಂಬ ಹೆಸರು ಇದೆ. ಕೆಲವೆಡೆ ರಾವ್ ಅವರ ಹೆಸರೇ ಮೊದಲು. ಇದು ಸಣ್ಣ ಮಾತಲ್ಲ. ಪರಾಧೀನ ದೇಶದಲ್ಲಿ, ಹಣ ಕೊಟ್ಟವರ ಹೆಸರಿಗಿಂತ ಮುಂದೆ ನಮ್ಮವರ ಹೆಸರು ಅಚ್ಚಾಗಿದೆ ಎಂದರೆ ಕೆಲಸ ನಮ್ಮವರ ಕೈಗೆ ಬಂದಿತ್ತು ಎಂದೇ ಅರ್ಥ.

ಇವರಿಬ್ಬರೂ 1937ರಲ್ಲಿ ಪ್ರಕಟಿಸಿದ ಒಂದು ಲೇಖನ ಇಂದಿಗೂ ಜೀವಂತವಾಗಿದೆ. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಯ ಎರಡೂ ಪಕ್ಕಗಳಲ್ಲಿ ತೇಲಲು ನೆರವಾಗುವ ಸಣ್ಣ ಗಾಳಿಚೀಲಗಳಿವೆ. ಅವುಗಳ ಮೇಲಿನ ಗೆರೆಗಳನ್ನು ಅವರು ತಾಳ್ಮೆಯಿಂದ ಎಣಿಸಿದರು. ಒಂದೇ ಜಾತಿ ಎಂದುಕೊಂಡಿದ್ದ ಸೊಳ್ಳೆಯಲ್ಲಿ ಎರಡು ಬಗೆ ಇರುವುದು ಕಂಡಿತು. ಹೆಚ್ಚು ಗೆರೆಯದು ಪಟ್ಟಣಗಳ ಬಾವಿ, ತೊಟ್ಟಿಗಳಲ್ಲಿ ಬೆಳೆದು ಮಲೇರಿಯ ಹರಡುವಂಥದು. ಕಡಿಮೆ ಗೆರೆಯದಕ್ಕೆ ಅವರು ಇಟ್ಟ ಹೆಸರು ‘ಮೈಸೂರೆನ್ಸಿಸ್’. ನಮ್ಮ ನಾಡಿನ ಹೆಸರು ಹೀಗೆ ಸೊಳ್ಳೆಯ ಮೂಲಕ ಜಗತ್ತಿನ ವಿಜ್ಞಾನದಲ್ಲಿ ಉಳಿಯಿತು! ಈ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ ಪತ್ತೆಯಾಗಿ, ಆಮೇಲೆ ಅಕ್ಕಪಕ್ಕದ ದೇಶಗಳಿಗೂ ಹಬ್ಬಿದೆ. ಅದನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರತ್ಯೇಕ ಕಾರ್ಯಕ್ರಮವನ್ನೇ ಆರಂಭಿಸಿತು. ಮೈಸೂರಿನಲ್ಲಿ ಎಣಿಸಿದ ಗೆರೆಗಳು ಇಂದಿಗೂ ವಿಜ್ಞಾನಿಗಳ ಉಪಯೋಗಕ್ಕೆ ಬರುತ್ತಿವೆ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಹೊಣೆ ಒಪ್ಪಿಸಿದರೆ ಸಾಲದು, ಒಪ್ಪಿಸಿಕೊಂಡವರು ಹಿಡಿದಿಟ್ಟುಕೊಳ್ಳಬೇಕು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯ ಬರುತ್ತಿತ್ತು, ಸುಮಾರು 8 ಲಕ್ಷ ಮಂದಿ ಸಾಯುತ್ತಿದ್ದರು ಎಂಬುದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಬಂದವು. ಡಿ.ಡಿ.ಟಿ. ಸಿಂಪಡಣೆ ನಡೆಯಿತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಮಲೇರಿಯ ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಗಮನ ಬೇರೆಡೆ ಹೋಯಿತು, ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾದವು. 1976ರಲ್ಲಿ ಮತ್ತೆ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು! ಈ ಸಲ ಬಿಟ್ಟುಹೋದವರು ಹೊರಗಿನವರಲ್ಲ; ಕೈಬಿಟ್ಟವರು ನಾವೇ.

ಈ ಪಾಠ ಇತ್ತೀಚಿನ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ‘ಗಡಿಗಳಿಲ್ಲದ ವೈದ್ಯರು’ ಎಂಬ ಅರ್ಥದ ಫ್ರೆಂಚ್ ಹೆಸರಿನ ಎಂ.ಎಸ್.ಎಫ್. ಸಂಸ್ಥೆ 1971ರಲ್ಲಿ ಹುಟ್ಟಿ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಿತು. ಅದು 2007ರಿಂದ ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ಕಾಲಾ ಅಜಾರ್ ರೋಗಕ್ಕೆ ಚಿಕಿತ್ಸೆ ನೀಡಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳು ಅದರ ಉಪಯೋಗ ಪಡೆದರು. ಅದೇ ಔಷಧವನ್ನು ಒಂದೇ ಸಲ ಕೊಡುವ ಕ್ರಮವನ್ನು 2014ರಲ್ಲಿ ಸರ್ಕಾರ ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. 2015ರಲ್ಲಿ ಸಂಸ್ಥೆ ಅಲ್ಲಿನ ಕೆಲಸವನ್ನು ಮುಗಿಸಿತು. ಎಷ್ಟು ಜನರನ್ನು ಗುಣಪಡಿಸಿದೆವು ಎಂಬುದರ ಜೊತೆಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧ ಸಿಗುವಂತಾಯಿತೇ ಎಂಬುದೂ ಗೆಲುವಿನ ಅಳತೆಯಾಗಬೇಕು.

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸುವ ಮಕ್ಕಳಿರುವ ಮನೆಗಳಲ್ಲಿ ‘ಡಾಕ್ಟರೋ, ಎಂಜಿನಿಯರೋ’ ಎಂಬ ಚರ್ಚೆ ಪ್ರತಿವರ್ಷ ನಡೆಯುತ್ತದೆ. ತಂದೆತಾಯಿಗಳು ಈ ಮಾತನ್ನು ಗಮನಿಸಬೇಕು. ಒಂದು ಆರೋಗ್ಯ ಕಾರ್ಯಕ್ರಮಕ್ಕೆ ಡಾಕ್ಟರ್ ಒಬ್ಬರೇ ಸಾಲುವುದಿಲ್ಲ. ರಕ್ತಲೇಪನ ನೋಡುವ ಪ್ರಯೋಗಾಲಯದ ತಂತ್ರಜ್ಞ, ಕೀಟಶಾಸ್ತ್ರ ಓದಿದವರು, ಔಷಧದ ದಾಸ್ತಾನು ನೋಡುವವರು, ಲೆಕ್ಕಪತ್ರದವರು, ನೀರು ನಿಲ್ಲದಂತೆ ನಾಲೆ ಸರಿಪಡಿಸುವ ಎಂಜಿನಿಯರು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಎಲ್ಲರೂ ಬೇಕು. ಇವರೆಲ್ಲರನ್ನೂ ಒಂದು ದಾರಿಯಲ್ಲಿ ನಡೆಸುವವನೇ ಮುಖ್ಯಸ್ಥ. ಅವನಿಗೆ ಬೇಕಾದ ಮೊದಲ ಗುಣ ಜಾಣತನವಲ್ಲ. ತನ್ನ ಜಾಗದಲ್ಲಿ ನಿಲ್ಲಬಲ್ಲ ಇನ್ನೊಬ್ಬನನ್ನು ತಯಾರು ಮಾಡುವ ದೊಡ್ಡ ಮನಸ್ಸು.

ಜಗತ್ತಿನಲ್ಲಿ ಈ ಕೆಲಸ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯ ಪ್ರಕರಣಗಳಾಗಿ, 5 ಲಕ್ಷ 97 ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಐದು ವರ್ಷದೊಳಗಿನ ಮಕ್ಕಳು. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಇಂದು ಶಾಲೆಯ ಬೆಂಚಿನ ಮೇಲೆ ಕೂತ ಮಗುವೊಂದು ನಾಳೆ ಅಂಥ ದೇಶವೊಂದರಲ್ಲಿ ಇಂಥ ಹೊಣೆ ಹೊರಬಾರದೇಕೆ? ಒಂದು ಕಾಲಕ್ಕೆ ಹೊರಗಿನವರು ಇಲ್ಲಿಗೆ ಬಂದು ಕಲಿಸಿದರು, ಕಲಿತೂ ಹೋದರು. ಆ ಋಣವನ್ನು ತೀರಿಸುವ ಒಳ್ಳೆಯ ದಾರಿ ಅದು.

ಮುಂದಿನ ಸಲ ಮಾರಿಕಣಿವೆಗೆ ಪ್ರವಾಸ ಹೋದಾಗ ಮಕ್ಕಳು ಕಟ್ಟೆಯನ್ನು ನೋಡಲಿ, ಮಾರಮ್ಮನಿಗೆ ಕೈಮುಗಿಯಲಿ. ಆಮೇಲೆ ಕೆಳಗಿಳಿದು ನಾಲೆಯ ಪಕ್ಕದ ತಗ್ಗಿನಲ್ಲಿ ನಿಂತ ನೀರನ್ನೂ ಒಮ್ಮೆ ಬಗ್ಗಿ ನೋಡಲಿ. ಅದರಲ್ಲಿ ಮರಿಯೊಂದು ನೀರಿಗೆ ಸಮನಾಗಿ ಮಲಗಿದೆಯೋ, ತಲೆಕೆಳಗಾಗಿ ತೂಗುತ್ತಿದೆಯೋ ಎಂದು ಗುರುತಿಸಲಿ. ಈ ಊರಿನ ನಾಲ್ಕನೆಯ ಕಥೆ ಶುರುವಾದದ್ದು ಅಲ್ಲಿಂದಲೇ.