ಕಟಾರಾ ಕ್ಷಮಿಸಲಿಲ್ಲ, ಕೊಲ್ಲಲೂ ಇಲ್ಲ

'ಅವತಾರ್' ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಆ ನೀಲಿ ಮೈಯ ಜನರ ಸಿನಿಮಾನಾ? ಅಲ್ಲ ಮಾರಾಯ್ರೇ! ಅದು ಜೇಮ್ಸ್ ಕ್ಯಾಮರೂನ್ ತೆಗೆದದ್ದು, 2009ರಲ್ಲಿ ಬಂದದ್ದು. ನಾನು ಹೇಳ್ತಾ ಇರೋದು ಅದಕ್ಕಿಂತ ಮುಂಚಿನ ಒಂದು ಕಾರ್ಟೂನ್ ಸೀರಿಯಲ್ ಬಗ್ಗೆ: 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ಅಮೆರಿಕದ ನಿಕಲೋಡಿಯನ್ ಚಾನೆಲ್ಲಿನಲ್ಲಿ 2005ರಿಂದ 2008ರವರೆಗೆ ಬಂತು, ಒಟ್ಟು 61 ಕಂತು. ಮಾಡಿದವರು ಮೈಕೆಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೋನಿಯೆಟ್ಸ್ಕೋ.

ನೋಡದೇ ಇದ್ದವರಿಗೆ ಚಿಕ್ಕದಾಗಿ ಕತೆ ಹೇಳಿಬಿಡ್ತೀನಿ. ನೀರು, ಮಣ್ಣು, ಬೆಂಕಿ, ಗಾಳಿ ಅಂತ ನಾಲ್ಕು ನಾಡು. ಒಂದೊಂದು ನಾಡಿನಲ್ಲೂ ಕೆಲವರಿಗೆ ತಮ್ಮ ತಮ್ಮ ಭೂತವನ್ನು ಕೈಕಾಲಿನ ಚಲನೆಯಿಂದಲೇ ಮಣಿಸುವ ವಿದ್ಯೆ ಗೊತ್ತು. ಈ ಚಲನೆಗಳೆಲ್ಲ ಸುಮ್ಮನೆ ಹುಟ್ಟಿಸಿಕೊಂಡದ್ದಲ್ಲ. ನೀರಿಗೆ ತಾಯ್ ಚಿ, ಮಣ್ಣಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗ್ವಾ... ಹೀಗೆ ಎಲ್ಲಕ್ಕೂ ಚೀನಾದ ನಿಜವಾದ ಸಮರಕಲೆಗಳೇ ಆಧಾರ. ಬೆಂಕಿಯ ನಾಡು ನೂರು ವರ್ಷದಿಂದ ಉಳಿದವರ ಮೇಲೆ ಯುದ್ಧ ಮಾಡ್ತಾ ಇದೆ. ಅದನ್ನು ನಿಲ್ಲಿಸಬೇಕಾದವನು ಆಂಗ್ ಅನ್ನೋ ಹನ್ನೆರಡು ವರ್ಷದ ಬೋಳುತಲೆಯ ಹುಡುಗ. ಅವನ ಜೊತೆಗೆ ದಕ್ಷಿಣ ಧ್ರುವದ ಕಟಾರಾ, ಅವಳ ಅಣ್ಣ ಸೊಕ್ಕಾ, ಮತ್ತೆ ಆರು ಕಾಲಿನ ಒಂದು ಹಾರುವ ಕಾಡುಕೋಣ. ಅದರ ಹೆಸರು ಆಪಾ. ಅವರು ಅದನ್ನು ಕೂಗಿದಾಗಲೆಲ್ಲ ನಮ್ಮ ಕಿವಿಗೆ ಯಾರೋ ಮಕ್ಕಳು ಅಪ್ಪನನ್ನೇ ಕರೆದ ಹಾಗೆ ಕೇಳುತ್ತೆ!

ನನ್ನನ್ನು ಹಿಡಿದು ಕೂರಿಸಿದ್ದು ಮೂರನೇ ಭಾಗದ ಹದಿನಾರನೇ ಕಂತು, 'ದಿ ಸದರ್ನ್ ರೈಡರ್ಸ್'. ಬರೆದವರು ಎಲಿಜಬೆತ್ ವೆಲ್ಚ್ ಎಹಾಸ್, ನಿರ್ದೇಶಕ ಜೋಕಿಮ್ ಡೋಸ್ ಸ್ಯಾಂಟೋಸ್. 2008ರ ಜುಲೈ 17ಕ್ಕೆ ಬಂತು. ಎರಡೇ ದಿನ ಬಿಟ್ಟು, 19ಕ್ಕೆ, ಇಡೀ ಸೀರಿಯಲ್ಲೇ ಮುಗಿಯಿತು.

ಕಟಾರಾಗೆ ಹದಿನಾಲ್ಕು ವರ್ಷ. ಅವಳು ಚಿಕ್ಕವಳಿದ್ದಾಗ ಬೆಂಕಿಯ ನಾಡಿನ ಸೈನಿಕರು ಹಡಗಿನಲ್ಲಿ ಬಂದು ಅವಳ ಅಮ್ಮ ಕಾಯಾಳನ್ನು ಕೊಂದಿದ್ದರು. ಬೆಂಕಿಯ ನಾಡಿನ ರಾಜಕುಮಾರ ಜೂಕೋ ಮೊನ್ನೆ ಮೊನ್ನೆವರೆಗೂ ಇವರನ್ನು ಬೆನ್ನಟ್ಟುತ್ತಿದ್ದವನು, ಈಗ ಇವರ ಕಡೆಗೇ ಬಂದಿದ್ದಾನೆ. ಎಲ್ಲರೂ ಅವನನ್ನು ಒಪ್ಪಿಕೊಂಡಾಯ್ತು, ಕಟಾರಾ ಮಾತ್ರ ಒಪ್ಪಿಲ್ಲ. ಅವನು ಸೊಕ್ಕಾನಿಂದ ಹಳೇ ಕತೆ ತಿಳಿದುಕೊಂಡು, ಅವಳ ಹತ್ತಿರ ಬಂದು ಹೇಳ್ತಾನೆ: ನಿಮ್ಮಮ್ಮನನ್ನು ಕೊಂದವನು ಯಾರು ಅಂತ ನನಗೆ ಗೊತ್ತು, ಹುಡುಕೋಕೆ ಸಹಾಯ ಮಾಡ್ತೀನಿ.

ಆಂಗ್ ತಡೀತಾನೆ. ಸೇಡು ಅನ್ನೋದು ಎರಡು ತಲೆಯ ವಿಷದ ಹಾವು. ವೈರಿ ಬೀಳೋದನ್ನು ನೀನು ನೋಡ್ತಾ ಇರುವಾಗ ಇನ್ನೊಂದು ತಲೆ ನಿನಗೇ ವಿಷ ಇಳಿಸ್ತಾ ಇರುತ್ತೆ ಅಂತಾನೆ. ಅವಳು ಕೇಳೋದಿಲ್ಲ. ಅವಳು ನನಗೂ ಅಮ್ಮನೇ, ಆದರೂ ಆಂಗ್ ಹೇಳೋದೇ ಸರಿ ಅನ್ನಿಸುತ್ತೆ ಅಂತ ಸೊಕ್ಕಾ ಅಂದರೆ, ಹಾಗಾದ್ರೆ ನೀನು ನನ್ನಷ್ಟು ಅವಳನ್ನು ಪ್ರೀತಿಸಲಿಲ್ಲ ಅಂದುಬಿಡ್ತಾಳೆ. ಸಾವಿನ ಮನೆಯಲ್ಲಿ ಅಣ್ಣ ತಂಗಿಯರ ನಡುವೆ ಇಂಥ ಮಾತು ಬರೋದನ್ನು ನಾವೆಲ್ಲ ಕೇಳಿದವರೇ, ಅಲ್ವಾ?

ಆ ಪಡೆಯ ಹಡಗು ಸಿಗುತ್ತೆ. ಕಟಾರಾ ಅಲ್ಲಿನ ನಾಯಕನ ಮೈಯ ರಕ್ತವನ್ನೇ ಮಣಿಸಿ ಅವನನ್ನು ನೆಲಕ್ಕೆ ಕೆಡವುತ್ತಾಳೆ. ಇದೇ ಭಾಗದಲ್ಲಿ ಹಾಮಾ ಅನ್ನೋ ಮುದುಕಿ ಈ ವಿದ್ಯೆ ತೋರಿಸಿದಾಗ ಅವಳೇ ಹೇಸಿ ಅತ್ತಿದ್ದಳು. ಈಗ ಕೈ ನಡುಗೋದೇ ಇಲ್ಲ. ಆದರೆ ಅವನು ಅವನಲ್ಲ! ಅಸಲಿ ನಾಯಕ ಯಾನ್ ರಾ ನಾಲ್ಕು ವರ್ಷದ ಹಿಂದೆಯೇ ನಿವೃತ್ತನಾಗಿದ್ದಾನೆ.

ಕೊನೆಗೆ ಅವನು ಸಿಗೋದು ಒಂದು ಹಳ್ಳಿಯಲ್ಲಿ. ಮುದಿ ತಾಯಿಯ ಹತ್ತಿರ ಬೈಸಿಕೊಂಡು, ತರಕಾರಿ ಬೆಳ್ಕೊಂಡು ಬದುಕ್ತಾ ಇರೋ ಮುದುಕ. ಮಳೆಯಲ್ಲಿ ದಾರಿಗೆ ಅಡ್ಡ ನಿಂತವಳು ಯಾರು ಅಂತಲೇ ಅವನಿಗೆ ನೆನಪಾಗಲ್ಲ. ಅವಳು ನೆನಪಿಸಬೇಕು. ಆ ಊರಲ್ಲಿ ನೀರು ಮಣಿಸುವವರು ಕೊನೆಯ ಒಬ್ಬರು ಉಳಿದಿದ್ದಾರೆ ಅನ್ನೋ ಸುದ್ದಿ ಹಿಡಿದು ಅವನು ಬಂದಿದ್ದ. ಅದು ನಾನೇ ಅಂತ ಅಮ್ಮ ಸುಳ್ಳು ಹೇಳಿದಳು. ನಿಜಕ್ಕೂ ಅದು ಕಟಾರಾ. ಅಂದರೆ ಅಮ್ಮ ಸತ್ತದ್ದು ಇವಳ ಬದಲಿಗೆ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಸಿಟ್ಟಿನ ತಳದಲ್ಲಿ ಏನಿತ್ತು ಅಂತ ಆಗ ಹೊಳೆಯುತ್ತೆ.

ಅವಳು ಕೈಯೆತ್ತಿ ಮಳೆಯನ್ನೇ ನಿಲ್ಲಿಸ್ತಾಳೆ. ಹನಿಗಳೆಲ್ಲ ಹಿಮದ ಚೂರಿಗಳಾಗಿ ಅವನ ಮೇಲೆ ನುಗ್ಗುತ್ತವೆ. ಇನ್ನೇನು ಚುಚ್ಚಬೇಕು ಅನ್ನುವಾಗ ನಿಂತು, ಕರಗಿ, ನೀರಾಗಿ ಬೀಳುತ್ತವೆ. ಆ ಮನುಷ್ಯ ಆಗ ಏನು ಹೇಳ್ತಾನೆ ಗೊತ್ತಾ? ಬೇಕಾದ್ರೆ ನಮ್ಮಮ್ಮನನ್ನು ತಗೋ, ಲೆಕ್ಕ ಸರಿಹೋಗುತ್ತೆ ಅಂತಾನೆ! ಒಬ್ಬ ತಾಯಿ ಮಗಳಿಗಾಗಿ ಜೀವ ಕೊಟ್ಟಳು, ಇಲ್ಲೊಬ್ಬ ಮಗ ತನಗಾಗಿ ತಾಯಿಯನ್ನೇ ಕೊಡ್ತಾನೆ. ಅವನೊಳಗೆ ಏನೂ ಇಲ್ಲ, ಬರೀ ಖಾಲಿ. ಅದನ್ನು ಕಂಡು ಕಟಾರಾ ಹೇಳೋದು ಇಷ್ಟೇ: ನಿನ್ನ ಮೇಲೆ ಎಷ್ಟೇ ದ್ವೇಷ ಇದ್ದರೂ ನನ್ನ ಕೈಲಿ ಆಗಲ್ಲ.

ಬೇರೆ ಯಾವ ಸೀರಿಯಲ್ಲಾದ್ರೂ ಇಲ್ಲಿಗೆ ಮುಗಿಸಿ, ನೋಡಿ ಮಕ್ಕಳೇ, ಕ್ಷಮೆ ದೊಡ್ಡದು ಅಂತ ನೀತಿ ಹೇಳಿಬಿಡುತ್ತಿತ್ತು. ಆಂಗ್ ಕೂಡ ಅದನ್ನೇ ಹೇಳೋಕೆ ಹೋಗ್ತಾನೆ. ಕಟಾರಾ ಅರ್ಧಕ್ಕೇ ತಡೀತಾಳೆ. ನಾನು ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸಲ್ಲ. ನನಗೆ ಶಕ್ತಿ ಸಾಲದೆ ಬಿಟ್ಟೆನೋ, ಶಕ್ತಿ ಇದ್ದದ್ದಕ್ಕೇ ಬಿಟ್ಟೆನೋ ಅದೂ ಗೊತ್ತಿಲ್ಲ. ಇಷ್ಟು ಹೇಳಿ ಜೂಕೋ ಕಡೆ ತಿರುಗಿ, ಆದರೆ ನಿನ್ನನ್ನು ಕ್ಷಮಿಸಬಲ್ಲೆ ಅಂತ ಅವನನ್ನು ಅಪ್ಪಿಕೊಳ್ತಾಳೆ.

ಇದನ್ನು ನೋಡ್ತಾ ನಂಗೆ ನಮ್ಮ ದೊಡ್ಡಮ್ಮ ನೆನಪಾದಳು. ದೊಡ್ಡಪ್ಪ ಹೋದ ವರ್ಷವೇ ಹತ್ತಿರದ ನೆಂಟನೊಬ್ಬ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಅಡಿಕೆ ತೋಟ ಬರೆಸಿಕೊಂಡಿದ್ದ. ಎಷ್ಟೋ ವರ್ಷದ ಮೇಲೆ ಅವನು ಹಾಸಿಗೆ ಹಿಡಿದಾಗ, ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಿಬಾರೇ, ನೆಮ್ಮದಿಯಿಂದ ಹೋಗ್ತಾನೆ ಅಂತ ಮನೆಯವರೆಲ್ಲ ದುಂಬಾಲು ಬಿದ್ದರು. "ಗಂಜಿ ಬೇಕಾದ್ರೆ ದಿನಾ ಕಳಿಸ್ತೀನಿ. ಆ ಮಾತು ಮಾತ್ರ ನನ್ನ ಬಾಯಲ್ಲಿ ಬರಲ್ಲ" ಅಂದಳು. ಗಂಜಿ ಕಳಿಸಿದಳು ಕೂಡ, ಅವನು ಸಾಯೋವರೆಗೂ. ಊರಿನವರು ಕಲ್ಲೆದೆ ಅಂದರು. ನಂಗೆ ಅವಳು ಹಾಗೆ ಕಂಡಿರಲಿಲ್ಲ, ಆದರೆ ಯಾಕೆ ಅಂತ ವಿವರಿಸೋಕೆ ಮಾತಿರಲಿಲ್ಲ. ಈ ಕಂತು ಆ ಮಾತನ್ನು ಕೊಟ್ಟಿತು. ಕೇಡು ಬಗೆಯದೆ ಇರೋದು ಬೇರೆ, ಕ್ಷಮಿಸೋದು ಬೇರೆ. ಮೊದಲನೆಯದನ್ನು ಯಾರ ಹತ್ತಿರ ಬೇಕಾದ್ರೂ ನಾವು ಕೇಳಬಹುದು. ಎರಡನೆಯದನ್ನು ನೋವು ತಿಂದವರೇ ಕೊಡಬೇಕು, ಕೊಡದೇ ಇರೋ ಹಕ್ಕೂ ಅವರದ್ದೇ. ಪಕ್ಕದಲ್ಲಿ ನಿಂತವರು ಅದನ್ನು ವಸೂಲಿ ಮಾಡೋಕೆ ಹೋಗಬಾರದು.

ಅಂದಹಾಗೆ ಕಂತು ಮುಗಿಯೋದು ಜೂಕೋನ ಒಂದು ಪ್ರಶ್ನೆಯಿಂದ. ನೀನು ಹೇಳಿದ್ದೇ ಸರಿ, ಕಟಾರಾಗೆ ಹಿಂಸೆ ಬೇಕಿರಲಿಲ್ಲ ಅಂತಾನೆ. ಹಿಂಸೆ ಎಂದಿಗೂ ಉತ್ತರ ಅಲ್ಲ ಅಂತ ಆಂಗ್ ಅಂದರೆ, ಹಾಗಾದ್ರೆ ನಮ್ಮಪ್ಪ ಎದುರಿಗೆ ನಿಂತಾಗ ಏನು ಮಾಡ್ತೀಯ ಅಂತ ಕೇಳ್ತಾನೆ. ಆಂಗ್ ಹತ್ತಿರ ಉತ್ತರ ಇಲ್ಲ. ಅಲ್ಲಿಯವರೆಗೂ ಅವನು ಕಟಾರಾಗೆ ಬುದ್ಧಿ ಹೇಳ್ತಾನೇ ಇದ್ದ!

ಬಿಡುವಿದ್ದಾಗ ನೋಡಿ. ನೋಡಿದ ಮೇಲೆ ಹೇಳಿ, ಕಟಾರಾ ಬಿಟ್ಟದ್ದು ಶಕ್ತಿ ಸಾಲದೆಯೋ, ಶಕ್ತಿ ಇದ್ದದ್ದಕ್ಕೋ? ನಂಗಂತೂ ಇನ್ನೂ ಗೊತ್ತಾಗಿಲ್ಲ.